ಮಳೆಗಾಲದ ಮನೆಯಲ್ಲಿ ನಾಯಿ-ಬೆಕ್ಕಿನ ಸಾಮಾನು ಕೆಡದಂತೆ ಇಡುವುದು ಹೇಗೆ?

ಜೂನ್ ಹತ್ತಿರ ಬಂತೆಂದರೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತದೆ. "ನಾಯಿ ಫುಡ್ ಎರಡೇ ವಾರಕ್ಕೆ ಮೆತ್ತಗಾಗ್ತದೆ, ಏನ್ ಮಾಡೂದು?" ಎಂದು ಕುಮಟಾದವರು ಕೇಳುತ್ತಾರೆ. ಶಿರಸಿಯವರಿಗೆ ಚರ್ಮದ ಬೆಲ್ಟಿನ ಮೇಲೆ ಬೂಷ್ಟು ಬಂದ ಬೇಸರ. ಕಾರವಾರದಲ್ಲಿ ಫ್ಲ್ಯಾಟಿನಲ್ಲಿ ಇರುವವರಿಗೆ ಎಲ್ಲವನ್ನೂ ಎಲ್ಲಿ ತುರುಕುವುದೆಂಬ ಚಿಂತೆ. ಹಾಗಾಗಿ ಎಲ್ಲರಿಗೂ ಸೇರಿಸಿ ಒಮ್ಮೆ ಬರೆಯುತ್ತಿದ್ದೇನೆ.

ಸಾಮಾನು ಜೋಡಿಸುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಬಣ್ಣದ ಬುಟ್ಟಿ, ಗಾಜಿನ ಜಾಡಿ, ಅಂದದ ಚೀಟಿ. ಒಣ ಹವೆಯ ಊರಿಗೆ ಅದು ಸರಿ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಂಥ ಕಡೆ ಜಾಗದ ಪ್ರಶ್ನೆ ಎರಡನೆಯದು. ಮೊದಲು ಕೇಳಬೇಕಾದ್ದು ಇದು: ತೇವ ತಾಗಿದರೆ ಈ ವಸ್ತು ಏನಾಗುತ್ತದೆ? ವಿಷವಾಗುತ್ತದೋ, ಕೆಲಸಕ್ಕೆ ಬಾರದಂತಾಗುತ್ತದೋ ಅಥವಾ ಸುಮ್ನೆ ವಾಸನೆ ಬರುತ್ತದೋ? ವಿಷವಾಗುವುದಕ್ಕೆ ಮನೆಯ ಅತಿ ಒಣ ಜಾಗ. ಕೆಲಸಕ್ಕೆ ಬಾರದಂತಾಗುವುದಕ್ಕೆ ಗಟ್ಟಿ ಮುಚ್ಚಳದ ಡಬ್ಬಿ. ವಾಸನೆ ಮಾತ್ರ ಬರುವುದಾದರೆ ಒಂದು ಗೂಟ ಸಾಕು.

ಬೇಕಾಗುವುದು ಹೆಚ್ಚೇನಿಲ್ಲ. ಅಕ್ಕಿ ಹಾಕಿಡುವಂಥ ಸ್ಟೀಲ್ ಡ್ರಮ್ ಅಥವಾ ತಿರುಗಿಸಿ ಮುಚ್ಚುವ ಮುಚ್ಚಳದ ಪ್ಲಾಸ್ಟಿಕ್ ಬ್ಯಾರೆಲ್ ಒಂದು. ಬಿಗಿ ಮುಚ್ಚಳದ ಸಣ್ಣ ಡಬ್ಬಿ ಮೂರು-ನಾಲ್ಕು. ಡ್ರಮ್ಮಿನ ಕೆಳಗೆ ಇಡಲು ಮರದ ಮಣೆ ಅಥವಾ ಸ್ಟೂಲು. ಬಟ್ಟೆ ಕ್ಲಿಪ್, ಅಳಿಸದ ಮಾರ್ಕರ್ ಪೆನ್ನು, ಹಳೆಯ ಹತ್ತಿ ಬಟ್ಟೆ. ಅಡುಗೆಮನೆಯ ತೂಕದ ಯಂತ್ರ ಇದ್ದರೆ ಒಳ್ಳೆಯದು. ಹೊಸದಾಗಿ ಕೊಳ್ಳುವ ಮೊದಲು ಅಟ್ಟ ಹತ್ತಿ ನೋಡಿ. ನಮ್ಮ ಕಡೆಯ ಮನೆಗಳಲ್ಲಿ ಖಾಲಿ ಡಬ್ಬಿಗೆ ಬರ ಎಂಬುದಿಲ್ಲ.

1. ಮೇ ತಿಂಗಳ ಒಂದು ಬಿಸಿಲ ದಿನ ಎಲ್ಲವನ್ನೂ ಅಂಗಳಕ್ಕೆ ತನ್ನಿ

ನಾಯಿ, ಬೆಕ್ಕಿಗೆ ಸೇರಿದ ಪ್ರತಿಯೊಂದು ವಸ್ತುವನ್ನೂ ಹೊರಗೆ ಹರಡಿ. ಕಪಾಟಿನ ಹಿಂದೆ ಬಿದ್ದ ಬಿಸ್ಕತ್ತಿನ ಪೊಟ್ಟಣ, ಫ್ರಿಜ್ಜಿನ ಬಾಗಿಲಲ್ಲಿ ಮರೆತ ಔಷಧಿ, ಸ್ಕೂಟರ್ ಡಿಕ್ಕಿಯಲ್ಲಿರುವ ಚೈನು, ಯಾವುದನ್ನೂ ಬಿಡಬೇಡಿ. ಮೂರು ರಾಶಿ ಮಾಡಿ. ತಿನ್ನುವುದು ಒಂದು, ಔಷಧಿ ಒಂದು, ಉಳಿದದ್ದೆಲ್ಲ ಇನ್ನೊಂದು.

ತಿನ್ನುವ ರಾಶಿಯಲ್ಲಿ ತಾರೀಕು ನೋಡಿ. ಇಲ್ಲಿ ಬಹಳ ಜನ ಎಡವುತ್ತಾರೆ. ಚೀಲದ ಮೇಲೆ ಅಚ್ಚಾದ ಕೊನೆಯ ತಾರೀಕು ಇರುವುದು ಒಡೆಯದ ಚೀಲಕ್ಕೆ. ಒಮ್ಮೆ ಬಾಯಿ ಕತ್ತರಿಸಿದ ಮೇಲೆ ಆ ತಾರೀಕಿಗೆ ಬೆಲೆಯಿಲ್ಲ. ಒಣ ಆಹಾರವನ್ನು ಒಡೆದ ಸುಮಾರು ಆರು ವಾರದೊಳಗೆ ಮುಗಿಸಬೇಕೆಂಬುದು ಸಾಮಾನ್ಯ ಲೆಕ್ಕ. ನಮ್ಮ ಮಳೆಗಾಲಕ್ಕೆ ನಾನು ನಾಲ್ಕು ವಾರ ಎಂದೇ ಹೇಳುತ್ತೇನೆ. ಯಾವಾಗ ಒಡೆದದ್ದೆಂದು ನೆನಪೇ ಇಲ್ಲದ ಚೀಲವನ್ನು ಎಸೆಯಿರಿ. ಇನ್ನು ಮುಂದೆ ಒಡೆದ ದಿನವೇ ಮಾರ್ಕರಿನಲ್ಲಿ ತಾರೀಕು ಬರೆಯುವುದನ್ನು ರೂಢಿ ಮಾಡಿಕೊಳ್ಳಿ.

ಡ್ರಮ್ಮು, ಡಬ್ಬಿಗಳನ್ನು ಸೋಪಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿ. ಮುಚ್ಚಳದ ರಬ್ಬರ್ ಸುತ್ತನ್ನು ಬಿಚ್ಚಿ ಬೇರೆಯಾಗಿ ಒಣಗಿಸಿ. ನೀರು ನಿಲ್ಲುವುದು ಅಲ್ಲೇ.

2. ಎಷ್ಟು ಬೇಕೆಂದು ಲೆಕ್ಕ ಹಾಕಿ, ಆಮೇಲೆ ಕೊಳ್ಳಿ

ದೊಡ್ಡ ಚೀಲ ಅಗ್ಗ ನಿಜ. ಆದರೆ ಕೊನೆಯ ಕಾಲುಭಾಗ ಕೆಟ್ಟರೆ ಉಳಿತಾಯ ಎಲ್ಲಿ ಬಂತು?

ಲೆಕ್ಕ ಸುಲಭ. ನಿಮ್ಮ ನಾಯಿ ದಿನಕ್ಕೆ ಎಷ್ಟು ಗ್ರಾಂ ತಿನ್ನುತ್ತದೆಂದು ಒಂದು ದಿನ ತೂಗಿ, 30ರಿಂದ ಗುಣಿಸಿ. ದಿನಕ್ಕೆ 200 ಗ್ರಾಂ ತಿನ್ನುವ ನಾಯಿಗೆ ತಿಂಗಳಿಗೆ 6 ಕಿಲೋ. ಅದಕ್ಕೆ 20 ಕಿಲೋ ಚೀಲ ತಂದರೆ 100 ದಿನ ಬರುತ್ತದೆ. ಅಂದರೆ ಜೂನ್ ಮೊದಲ ವಾರ ಒಡೆದದ್ದು ಸೆಪ್ಟೆಂಬರ್ ತನಕ. ದಿನಕ್ಕೆ 50 ಗ್ರಾಂ ತಿನ್ನುವ ಬೆಕ್ಕಿಗೆ ಒಂದೂವರೆ ಕಿಲೋ ಪೊಟ್ಟಣ ಒಂದು ತಿಂಗಳಿಗೆ ಸರಿಹೊಂದುತ್ತದೆ. ಮೂರು ಕಿಲೋದ್ದು ಮಳೆಗಾಲಕ್ಕೆ ಜಾಸ್ತಿಯಾಯಿತು. ಅನ್ನ, ಮೀನು ಜೊತೆಗೆ ಹಾಕುವ ಮನೆಯಾದರೆ ಒಣ ಆಹಾರ ಇನ್ನೂ ಕಡಿಮೆ ಸಾಕು.

ದೊಡ್ಡ ಚೀಲವೇ ಬೇಕೆಂದರೆ ಪಕ್ಕದ ಮನೆಯವರ ಜೊತೆ ಹಂಚಿಕೊಳ್ಳಿ. ಒಡೆದ ದಿನವೇ ಅರ್ಧರ್ಧ ಮಾಡಿ. ಅಂಗಡಿಯಲ್ಲಿ ತೆರೆದ ಚೀಲದಿಂದ ಬಿಡಿಯಾಗಿ ತೂಗಿ ಕೊಡುವುದನ್ನು ಮಾತ್ರ ಜೂನ್-ಸೆಪ್ಟೆಂಬರಿನಲ್ಲಿ ತರಬೇಡಿ. ಅದು ಎಷ್ಟು ದಿನದಿಂದ ಬಾಯಿ ತೆರೆದು ಕೂತಿದೆಯೆಂದು ಅಂಗಡಿಯವರಿಗೂ ಗೊತ್ತಿರುವುದಿಲ್ಲ.

ಹಾಗೆಂದು ತೀರಾ ಕೈಖಾಲಿ ಮಾಡಿಕೊಳ್ಳುವುದೂ ಸರಿಯಲ್ಲ. ನಮ್ಮ ಜಿಲ್ಲೆಗೆ ಸಾಮಾನು ಬರುವುದು ಕರಾವಳಿಯ ಹೆದ್ದಾರಿಯಲ್ಲಿ, ಇಲ್ಲವೇ ಅರಬೈಲ್, ದೇವಿಮನೆಯಂಥ ಘಟ್ಟ ಇಳಿದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು. ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಅದಕ್ಕಾಗಿ ಈಗ ಬಳಸುತ್ತಿರುವುದರ ಜೊತೆಗೆ ಎರಡು ವಾರಕ್ಕಾಗುವ ಒಂದು ಸಣ್ಣ ಚೀಲವನ್ನು ಒಡೆಯದೆ ಇಟ್ಟುಕೊಳ್ಳಿ. ಹೊಸದು ಬಂದಾಗ ಹಳೆಯದನ್ನು ಮೊದಲು ಒಡೆಯಿರಿ.

3. ಜಾಗ ಹುಡುಕಿ

ಮನೆಯಲ್ಲಿ ಒಣ ಜಾಗ ಯಾವುದೆಂದು ಊಹಿಸಬೇಡಿ, ಪರೀಕ್ಷೆ ಮಾಡಿ. ನಾಲ್ಕು ಸಣ್ಣ ತಟ್ಟೆಯಲ್ಲಿ ಒಂದೊಂದು ಚಮಚ ಕಲ್ಲುಪ್ಪು ಹಾಕಿ. ನೀವು ಯೋಚಿಸಿರುವ ನಾಲ್ಕು ಜಾಗದಲ್ಲಿ ಇಡಿ. ಗಾಳಿಯಲ್ಲಿನ ತೇವ ಸುಮಾರು ಶೇಕಡಾ 75 ದಾಟಿದಾಗ ಉಪ್ಪು ನೀರು ಬಿಡಲು ಶುರು ಮಾಡುತ್ತದೆ. ಜುಲೈನಲ್ಲಿ ಎಲ್ಲ ತಟ್ಟೆಯೂ ಒದ್ದೆಯಾಗಬಹುದು, ಪರವಾಗಿಲ್ಲ. ಯಾವುದು ಕೊನೆಗೆ ಒದ್ದೆಯಾಯಿತೋ ಅದೇ ನಿಮ್ಮ ಆಹಾರದ ಜಾಗ.

ಹೆಚ್ಚಿನ ಮನೆಗಳಲ್ಲಿ ಅದು ನಡುಮನೆಯ ಒಳಗೋಡೆಯ ಪಕ್ಕ ಸಿಗುತ್ತದೆ. ಮಳೆ ಬಡಿಯುವ ಪಡುವಣ ಗೋಡೆಯ ಹತ್ತಿರ ಬೇಡವೇ ಬೇಡ. ಅಟ್ಟದ ಮೇಲೆ ಇಡುವ ಆಸೆಯಾಗುತ್ತದೆ. ಅಲ್ಲಿ ಮಳೆಗಾಲದಲ್ಲಿ ಇಲಿ, ಬೇಸಿಗೆಯಲ್ಲಿ ಹೆಂಚಿನ ಕಾವು. ಒಣ ಆಹಾರಕ್ಕೆ 27 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಒಳ್ಳೆಯದು. ಕಾವು ಹೆಚ್ಚಿದಷ್ಟೂ ಅದರಲ್ಲಿನ ಕೊಬ್ಬು ಬೇಗ ಕಮಟು ಹಿಡಿಯುತ್ತದೆ. ಜಗುಲಿ, ಕೊಟ್ಟಿಗೆ ಎರಡೂ ಹೊರಗಿನ ಹವೆಗೆ ತೆರೆದಿರುತ್ತವೆ.

ಬಚ್ಚಲಮನೆಯ ಒಲೆಯ ಪಕ್ಕ ಬೆಚ್ಚಗಿರುತ್ತದಲ್ಲ, ಅಲ್ಲೇ ಇಟ್ಟರೆ ಹೇಗೆ ಎಂದು ಘಟ್ಟದ ಮೇಲಿನವರು ಕೇಳುತ್ತಾರೆ. ಬೆಚ್ಚಗಿರುವುದು ಒಲೆ ಉರಿಯುವಾಗ ಮಾತ್ರ. ಹಂಡೆಯ ಹಬೆ ಅಲ್ಲೇ ಸುತ್ತುತ್ತಿರುತ್ತದೆ. ರಾತ್ರಿ ತಣ್ಣಗಾದಾಗ ಡಬ್ಬಿಯ ಒಳಮೈಯಲ್ಲಿ ಬೆವರಿನಂತೆ ನೀರು ಕೂಡುತ್ತದೆ. ಬೆಲ್ಟು, ಹಾಸಿಗೆ ಬಟ್ಟೆ ಒಣಗಿಸಲು ಆ ಜಾಗ ಬಹಳ ಒಳ್ಳೆಯದು. ಆಹಾರಕ್ಕೂ ಔಷಧಿಗೂ ಅಲ್ಲ.

ಜಾಗ ಯಾವುದೇ ಆಗಲಿ, ಡ್ರಮ್ಮನ್ನು ನೆಲಕ್ಕೆ ತಾಗಿಸಿ ಇಡಬೇಡಿ, ಗೋಡೆಗೂ ಒರಗಿಸಬೇಡಿ. ಕೆಳಗೆ ಮಣೆ, ಹಿಂದೆ ನಾಲ್ಕು ಬೆರಳು ಸಂದು ಇರಲಿ.

4. ಒಣ ಆಹಾರ: ಚೀಲದ ಸಮೇತ ಡ್ರಮ್ಮಿನೊಳಗೆ

ಯಾವ ಕಂಪನಿಯದಾದರೂ ನಾವೆಲ್ಲ "ಪೆಡಿಗ್ರಿ" ಎಂದೇ ಕರೆಯುವ ಕಾಳಿನಂಥ ಒಣ ಆಹಾರದ ಬಗ್ಗೆ ಹೇಳುತ್ತಿದ್ದೇನೆ. ಎಲ್ಲಕ್ಕಿಂತ ಜಾಗ್ರತೆ ಬೇಕಾದ್ದು ಇದಕ್ಕೇ.

ಹೆಚ್ಚಿನವರು ಚೀಲ ಒಡೆದು ಕಾಳನ್ನು ನೇರ ಡ್ರಮ್ಮಿಗೆ ಸುರಿಯುತ್ತಾರೆ. ಬೇಡ. ಚೀಲದ ಸಮೇತ ಒಳಗಿಡಿ. ಕಾರಣ ಎರಡು. ಚೀಲದ ಒಳಪದರವನ್ನು ಕೊಬ್ಬೂ ತೇವವೂ ದಾಟದಂತೆ ಮಾಡಿರುತ್ತಾರೆ. ನೇರ ಸುರಿದರೆ ಕಾಳಿನ ಎಣ್ಣೆ ಪ್ಲಾಸ್ಟಿಕ್ ಗೋಡೆಗೆ ಅಂಟಿ ಕಮಟಾಗುತ್ತದೆ, ಮುಂದಿನ ಚೀಲದ ಹೊಸ ಕಾಳಿಗೂ ಅದೇ ಹತ್ತುತ್ತದೆ. ಇನ್ನೊಂದು, ಚೀಲದ ಮೇಲೆ ಬ್ಯಾಚ್ ನಂಬರ್ ಇರುತ್ತದೆ. ಯಾವ ದಿನ, ಯಾವ ಸರದಿಯಲ್ಲಿ ತಯಾರಾದದ್ದೆಂದು ಗುರುತಿಸುವ ಸಂಖ್ಯೆ ಅದು. ತಿಂದು ನಾಯಿಗೆ ಹುಷಾರು ತಪ್ಪಿದರೆ ಡಾಕ್ಟರೂ ಕಂಪನಿಯೂ ಮೊದಲು ಕೇಳುವುದು ಅದನ್ನೇ.

ಚೀಲದ ಬಾಯಿಯನ್ನು ಒತ್ತಿ ಗಾಳಿ ತೆಗೆದು, ಎರಡು ಮೂರು ಮಡಿಕೆ ಸುತ್ತಿ, ಬಟ್ಟೆ ಕ್ಲಿಪ್ ಹಾಕಿ. ಆಮೇಲೆ ಡ್ರಮ್ಮಿನ ಮುಚ್ಚಳ.

ದಿನಕ್ಕೆ ಎರಡು ಸಲ ದೊಡ್ಡ ಡ್ರಮ್ ತೆರೆಯುತ್ತಿದ್ದರೆ ಮುಚ್ಚಳ ಎಷ್ಟು ಬಿಗಿಯಿದ್ದರೂ ಉಪಯೋಗವಿಲ್ಲ. ತೆರೆದಾಗಲೆಲ್ಲ ಹೊರಗಿನ ಒದ್ದೆ ಗಾಳಿ ಒಳಗೆ ಹೋಗುತ್ತದೆ. ಅದಕ್ಕೆ ಒಂದು ವಾರದ್ದನ್ನು ಮಾತ್ರ ಸಣ್ಣ ಸ್ಟೀಲ್ ಡಬ್ಬಿಗೆ ತೆಗೆದುಕೊಳ್ಳಿ. ದಿನನಿತ್ಯ ಅದರಿಂದ ಹಾಕಿ. ದೊಡ್ಡ ಡ್ರಮ್ ವಾರಕ್ಕೊಮ್ಮೆ ಮಾತ್ರ, ಅದೂ ಮಳೆ ಸ್ವಲ್ಪ ಹೊಳವಾದಾಗ ತೆರೆಯಿರಿ. ಒದ್ದೆ ಕೈ ಹಾಕಬೇಡಿ. ಅಳತೆಗೆ ಒಣ ಲೋಟ ಒಂದನ್ನು ಡಬ್ಬಿಯೊಳಗೇ ಇಡದೆ ಹೊರಗೆ ಬೇರೆಯಾಗಿ ಇಡಿ.

ತೇವ ಹೀರಲು ಸಿಲಿಕಾ ಜೆಲ್ ಹಾಕಬಹುದು. ಹೊಸ ಚಪ್ಪಲಿಯ ಡಬ್ಬದಲ್ಲಿ ಬರುವ ಸಣ್ಣ ಕಾಳಿನ ಪೊಟ್ಟಣವೇ ಅದು. ಬಿಳಿಯದನ್ನೇ ತನ್ನಿ. ನೀಲಿ ಬಣ್ಣದ್ದರಲ್ಲಿ ಸಾಮಾನ್ಯವಾಗಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷದ ಅಂಶ ಇರುತ್ತದೆ. ಬಿಳಿಯದನ್ನೂ ಚೀಲದೊಳಗೆ ಕಾಳಿನ ಜೊತೆ ಹಾಕಬೇಡಿ. ಚೀಲದ ಹೊರಗೆ, ಡ್ರಮ್ಮಿನ ಒಳಗೆ ಇಡಿ. ನೀರು ತುಂಬಿಕೊಳ್ಳುವ ಡಬ್ಬಿಯ ರೂಪದಲ್ಲಿ ಸಿಗುವ ತೇವ ಹೀರುಕಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತದೆ. ಅದರಲ್ಲಿ ಕೂಡುವ ನೀರನ್ನು ನಾಯಿ ನೆಕ್ಕಿದರೆ ಬಾಯಿ, ಹೊಟ್ಟೆ ಸುಡುತ್ತದೆ. ಅಂಥದ್ದು ಬಟ್ಟೆಯ ಕಪಾಟಿನೊಳಗೆ ಮಾತ್ರ ಇರಲಿ.

ಇಷ್ಟಾದರೂ ಬೂಷ್ಟು ಬಂದರೆ? ಮುಗ್ಗಲು ವಾಸನೆ ಬಂದರೂ, ಕಾಳು ಒಂದಕ್ಕೊಂದು ಅಂಟಿದ್ದರೂ, ಬಿಳಿ-ಹಸಿರು ಪುಡಿ ಕಂಡರೂ ಇಡೀ ಚೀಲ ಎಸೆಯಿರಿ. "ಮೇಲಿನದು ಮಾತ್ರ ತೆಗೆದು ಬಿಸಿಲಿಗೆ ಹಾಕಿದ್ರೆ ಆಗ್ತದೆ" ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಆಗುವುದಿಲ್ಲ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಶೇಂಗಾ, ಮೆಕ್ಕೆಜೋಳಕ್ಕೆ ಹಿಡಿಯುವ ಬೂಷ್ಟಿನ ವಿಷವೇ ಇದು. ಬಿಸಿಲಿಗೂ ಹೋಗುವುದಿಲ್ಲ, ಅನ್ನದ ಜೊತೆ ಬೇಯಿಸಿದರೂ ಹೋಗುವುದಿಲ್ಲ. ನಾಯಿಯ ಪಿತ್ತಜನಕಾಂಗ, ಅಂದರೆ ಲಿವರ್, ಹಾಳಾಗುತ್ತದೆ. ಊಟ ಬಿಡುವುದು, ವಾಂತಿ, ಮಂಕಾಗಿ ಮಲಗುವುದು, ಒಸಡು ಅಥವಾ ಕಣ್ಣು ಹಳದಿಯಾಗುವುದು ಇದರ ಲಕ್ಷಣ. ಕಂಡರೆ ಚೀಲವನ್ನೂ ಹಿಡಿದು ಪಶು ಆಸ್ಪತ್ರೆಗೆ ಹೋಗಿ.

ಎಸೆಯುವುದಕ್ಕೆ ಮನಸ್ಸಾಗದೆ ದನಕ್ಕೋ ಕೋಳಿಗೋ ಹಾಕುವುದೂ ಇದೆ. ಅದನ್ನಂತೂ ಮಾಡಲೇಬೇಡಿ. ಆಕಳು ತಿಂದ ಅಫ್ಲಾಟಾಕ್ಸಿನ್ ಹಾಲಿನಲ್ಲಿ ಬರುತ್ತದೆ. ಹಿತ್ತಿಲ ತುದಿಯಲ್ಲಿ ಗುಂಡಿ ತೋಡಿ ಹೂಳಿಬಿಡಿ.

5. ಮೀನು, ಅನ್ನ, ಫ್ರಿಜ್ಜು

ಕರಾವಳಿಯ ಬೆಕ್ಕಿಗೆ ಜೂನ್ 1ರಿಂದ ಜುಲೈ 31 ಕಷ್ಟದ ಕಾಲ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಆಗ ನಿಷೇಧ. ತಾಜಾ ಬಂಗಡೆ, ತಾರ್ಲೆ ಕಡಿಮೆ, ಇದ್ದದ್ದಕ್ಕೆ ದುಬಾರಿ ಬೆಲೆ. ಅದಕ್ಕೆ ಮೇ ಕೊನೆಯಲ್ಲಿ ಒಣಮೀನು ತಂದಿಡುವ ರೂಢಿ. ಮನೆಯವರಿಗೆ ಅದು ಸರಿ, ಬೆಕ್ಕಿಗೂ ನಾಯಿಗೂ ಉಪ್ಪು ಹಾಕಿದ ಒಣಮೀನು ದಿನಾ ಕೊಡುವಂಥದ್ದಲ್ಲ. ಉಪ್ಪು ಹಾಕದೆ ಒಣಗಿಸಿದ್ದು ಸಿಕ್ಕಿದರೆ ಅದನ್ನು ಬೇರೆ ಡಬ್ಬಿಯಲ್ಲಿ ಇಡಿ, ಮುಚ್ಚಳದ ಮೇಲೆ "ಬೆಕ್ಕಿಗೆ" ಎಂದು ಬರೆಯಿರಿ. ಇಲ್ಲವಾದರೆ ಅತ್ತೆಯವರು ಅದನ್ನೇ ಹುರಿದು ಬಡಿಸಿದರೆ ದೂರಬೇಡಿ. ಒಣಮೀನಿನ ಡಬ್ಬಿ ಒಣ ಆಹಾರದ ಪಕ್ಕ ಬೇಡ. ಅದರ ವಾಸನೆಗೆ ಇರುವೆ, ಇಲಿ ಎರಡೂ ಬರುತ್ತವೆ.

ಫ್ರೀಜರಿನಲ್ಲಿ ಮೀನು ಇಡುವವರು ಬೇಯಿಸಿ, ಮುಳ್ಳು ತೆಗೆದು, ಒಂದೊಂದು ಹೊತ್ತಿನದನ್ನು ಒಂದೊಂದು ಪೊಟ್ಟಣ ಮಾಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದದ್ದು ಗೊತ್ತಾಗಲು ಒಂದು ಉಪಾಯ ಇದೆ. ಲೋಟದಲ್ಲಿ ನೀರು ಗಡ್ಡೆಕಟ್ಟಿಸಿ ಮೇಲೆ ಒಂದು ನಾಣ್ಯ ಇಡಿ, ಫ್ರೀಜರಿನಲ್ಲೇ ಬಿಡಿ. ಊರಿಗೆ ಹೋಗಿ ಬಂದಾಗ ನಾಣ್ಯ ತಳಕ್ಕೆ ಇಳಿದಿದ್ದರೆ ಎಲ್ಲ ಕರಗಿ ಮತ್ತೆ ಗಡ್ಡೆಕಟ್ಟಿದೆ ಎಂದರ್ಥ. ಆ ಮೀನು ಹಾಕಬೇಡಿ.

ಪೌಚ್ ಅಥವಾ ಟಿನ್ನಿನ ಹಸಿ ಆಹಾರ ಒಡೆದ ಮೇಲೆ ಉಳಿದರೆ ಬೇರೆ ಡಬ್ಬಿಗೆ ಹಾಕಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನದಲ್ಲಿ ಮುಗಿಸಿ.

6. ಔಷಧಿ: ನಾಯಿಗೊಂದು ಡಬ್ಬಿ, ಬೆಕ್ಕಿಗೊಂದು ಡಬ್ಬಿ

ಮನೆಯಲ್ಲಿ ಎರಡೂ ಇದ್ದರೆ ಇದನ್ನು ತಪ್ಪಿಸಬೇಡಿ. ಬಣ್ಣವೂ ಬೇರೆ ಇರಲಿ. ನಾಯಿಯ ಉಣುಗು ಔಷಧಿಗಳಲ್ಲಿ ಕೆಲವಕ್ಕೆ ಪರ್ಮೆಥ್ರಿನ್ ಇರುತ್ತದೆ, ಉಣುಗಿನ ಸ್ನಾನಕ್ಕೆ ಕೊಡುವ ದ್ರಾವಣದಲ್ಲಿ ಅಮಿಟ್ರಾಜ್ ಇರುತ್ತದೆ. ನಾಯಿಗೆ ಅಳತೆಯಲ್ಲಿ ಹಾಕಿದರೆ ತೊಂದರೆಯಿಲ್ಲದ ಇವು ಬೆಕ್ಕಿಗೆ ವಿಷ. ಪರ್ಮೆಥ್ರಿನ್ ಹಚ್ಚಿದ ಬೆಕ್ಕು ನಡುಗಿ, ಫಿಟ್ಸ್ ಬಂದು ಸಾಯಬಹುದು. "ನಾಯಿಗೆ ಹಾಕಿ ಉಳಿದದ್ದು ಎರಡು ಹನಿ ಬೆಕ್ಕಿಗೂ" ಎಂಬ ಉಳಿತಾಯ ಬೇಡ. ಹಾಗೆಯೇ ಜ್ವರ ಬಂದಿದೆಯೆಂದು ನಮ್ಮ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನೂ ಬೆಕ್ಕಿಗೆ ಕೊಡಬಾರದು. ಅದರ ದೇಹ ಅದನ್ನು ಕರಗಿಸಿಕೊಳ್ಳಲಾರದು. ಆದ್ದರಿಂದ ಮನುಷ್ಯರ ಮಾತ್ರೆಗಳು ಈ ಎರಡೂ ಡಬ್ಬಿಯಲ್ಲಿ ಇರಲೇಬಾರದು.

ಮಾತ್ರೆಯನ್ನು ಹಾಳೆಯಿಂದ ಬಿಡಿಸಿ ಇಡಬೇಡಿ. ತೇವಕ್ಕೆ ಪುಡಿಯಾಗುತ್ತದೆ. ಅರ್ಧ ಮಾತ್ರೆ ಕೊಟ್ಟಾಗ ಉಳಿದರ್ಧವನ್ನು ಹೇಗೆ ಇಡಬೇಕೆಂದು ಡಾಕ್ಟರನ್ನೇ ಕೇಳಿ. ಹಾಳೆ ಕತ್ತರಿಸುವಾಗ ಹೆಸರು, ತಾರೀಕು ಇರುವ ತುದಿಯನ್ನು ಉಳಿಸಿ. ಹುಳದ ಮಾತ್ರೆಗಳಲ್ಲಿ ಕೆಲವಕ್ಕೆ ಮಾಂಸದ ರುಚಿ ಸೇರಿಸಿರುತ್ತಾರೆ. ನಾಯಿ ಡಬ್ಬಿ ಕಚ್ಚಿ ತೆಗೆದು ಇಡೀ ಹಾಳೆ ತಿಂದುಬಿಡಬಲ್ಲದು. ಎತ್ತರದಲ್ಲಿ, ಕೊಂಡಿ ಇರುವ ಕಪಾಟಿನಲ್ಲಿ ಇಡಿ. ಫ್ರಿಜ್ಜಿನಲ್ಲಿ ಇಡಬೇಕೆಂದು ಬರೆದಿದ್ದರೆ ಮಾತ್ರ ಫ್ರಿಜ್ಜು. ರೇಬೀಸ್ ಲಸಿಕೆಯನ್ನು ಮುಂಚಿತವಾಗಿ ತಂದು ಮನೆಯಲ್ಲಿ ಇಟ್ಟುಕೊಳ್ಳುವ ಯೋಚನೆ ಬೇಡ. ಅದು 2ರಿಂದ 8 ಡಿಗ್ರಿಯ ನಡುವೆಯೇ ಇರಬೇಕು, ಕರೆಂಟ್ ಹೋಗುವ ಮನೆಯ ಫ್ರಿಜ್ಜಿನಲ್ಲಿ ಆ ಭರವಸೆ ಇಲ್ಲ.

ಲಸಿಕೆಯ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಮುಂದಿನ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಈಗಲೇ ಬರೆದುಬಿಡಿ.

ಉಣುಗು ತೆಗೆಯುವ ಸಾಮಾನು ಮಾತ್ರ ಕಪಾಟಿನಲ್ಲಿ ಬೇಡ, ಬಾಗಿಲ ಹತ್ತಿರ ಇರಲಿ. ಸಣ್ಣ ಚಿಮಟ, ಕೈಗವಸು, ಸ್ಪಿರಿಟ್ ಹಾಕಿದ ಸಣ್ಣ ಬಾಟಲಿ. ಸಿದ್ದಾಪುರ, ಹೊನ್ನಾವರದ ಕಡೆ ಮಂಗನ ಕಾಯಿಲೆ ಕಾಣಿಸಿಕೊಂಡ ಊರುಗಳಿವೆ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ರೋಗ ಹರಡುವುದು ಕಾಡಿನ ಉಣುಗಿನಿಂದ, ಅದರಲ್ಲೂ ಮಳೆಗಾಲಕ್ಕೆ ಮುಂಚಿನ ಒಣ ತಿಂಗಳುಗಳಲ್ಲಿ. ಕಾಡಿಗೆ ಹೋಗಿ ಬಂದ ನಾಯಿಯನ್ನು ಹೊಸ್ತಿಲ ಹೊರಗೇ ನೋಡಿ. ಕಂಡ ಉಣುಗನ್ನು ಬೆರಳಲ್ಲಿ ಹಿಸುಕಬೇಡಿ, ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆದು ಸ್ಪಿರಿಟಿಗೆ ಹಾಕಿ. ಮಳೆಗಾಲಕ್ಕೆ ಇದೇ ಜಾಗದಲ್ಲಿ ಉಂಬಳಕ್ಕೆ ಉಪ್ಪುನೀರು ಇಟ್ಟರಾಯಿತು. ನಾವು ಕಾಲಿಗೆ ಹಚ್ಚಿಕೊಳ್ಳುವ ಸುಣ್ಣ-ತಂಬಾಕು ನಾಯಿಗೆ ಬೇಡ, ಅದು ನೆಕ್ಕಿಕೊಳ್ಳುತ್ತದೆ.

7. ಬೆಲ್ಟು, ಚೈನು, ಹಾಸಿಗೆ

ಇವನ್ನು ಡಬ್ಬಿಗೆ ತುಂಬಬೇಡಿ. ಗಾಳಿ ಆಡುವಲ್ಲಿ ಗೂಟಕ್ಕೆ ತೂಗುಹಾಕಿ. ಮಳೆಗಾಲಕ್ಕೆ ನೈಲಾನ್ ಬೆಲ್ಟ್ ಬಳಸಿ. ಚರ್ಮದ್ದನ್ನು ಮೇ ಬಿಸಿಲಿನಲ್ಲಿ ಒಣಗಿಸಿ, ಬಟ್ಟೆಯಲ್ಲಿ ತೆಳ್ಳಗೆ ಎಣ್ಣೆ ಒರೆಸಿ, ಹಳೆಯ ಪೇಪರಿನಲ್ಲಿ ಸುತ್ತಿ ಎತ್ತಿಡಿ. ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಒಳಗೇ ಬೂಷ್ಟು ಬೆಳೆಯುತ್ತದೆ. ಸಮುದ್ರದ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ಕಬ್ಬಿಣದ ಕೊಂಡಿ ತುಕ್ಕು ಹಿಡಿದು ಒಂದು ದಿನ ನಡುರಸ್ತೆಯಲ್ಲೇ ಕಳಚಿಕೊಳ್ಳುತ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಕೊಂಡಿ ಕೇಳಿ ತನ್ನಿ.

ಹಾಸಿಗೆಗೆ ದಪ್ಪ ಗಾದಿಗಿಂತ ಹಳೆಯ ಹತ್ತಿ ಸೀರೆ, ಲುಂಗಿ ಮಡಿಸಿ ಹಾಕುವುದು ಲೇಸು. ಬೇಗ ಒಣಗುತ್ತದೆ. ಎರಡು ಜೊತೆ ಇಟ್ಟುಕೊಳ್ಳಿ, ಒಂದು ಬಚ್ಚಲ ಒಲೆಯ ಮೇಲಿನ ಗಳದಲ್ಲಿ ಇರಲಿ. ನಾಯಿಗೆ ಹಾಕುವ ರೇನ್‌ಕೋಟು, ಜಾಕೆಟು ನಿಮ್ಮ ಖುಷಿ. ಒಣಗಿಸಲು ಜಾಗವಿದ್ದರೆ ತನ್ನಿ.

8. ಬೆಕ್ಕಿನ ಲಿಟರ್

ಬೆಕ್ಕು ಮನೆಯೊಳಗೇ ಮಲಮೂತ್ರ ಮಾಡಲು ತಟ್ಟೆಯಲ್ಲಿ ಹಾಕುವ ಮಣ್ಣು ಇದು. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಬೆಂಟೊನೈಟ್ ಎಂಬ ಜೇಡಿಮಣ್ಣು. ನೀರು ಹೀರಿ ಗಟ್ಟಿಯಾಗುವುದೇ ಅದರ ಗುಣ, ಹಾಗಾಗಿ ಚೀಲ ತೆರೆದಿಟ್ಟರೆ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಬಕೆಟಿಗೆ ಹಾಕಿ ಮುಚ್ಚಿ. ಆಹಾರದ ಹತ್ತಿರ ಬೇಡ. ಮರದ ಹೊಟ್ಟು ಬಳಸುವವರು ಮಳೆಗೆ ಮುಂಚೆಯೇ ಒಣ ಹೊಟ್ಟು ತಂದಿಡಬೇಕು. ತಟ್ಟೆಯನ್ನು ದಿನಾ ಸ್ವಚ್ಛ ಮಾಡಿ. ಬೆಕ್ಕಿನ ಮಲದಲ್ಲಿ ಬರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ತೆಗೆದರೆ ಆ ಅವಕಾಶವೇ ಸಿಗುವುದಿಲ್ಲ. ಬಸುರಿಯರು ಈ ಕೆಲಸ ಬೇರೆಯವರಿಗೆ ಬಿಡಲಿ.

9. ಇಲಿ, ಇರುವೆ ಬರದಂತೆ ಮಾಡುವಾಗ

ಸಾಮಾನು ಕಾಪಾಡಲು ಹೋಗಿ ಪ್ರಾಣಿಗೇ ವಿಷ ಇಡುವುದು ಈ ಹಂತದಲ್ಲಿ ನಡೆಯುತ್ತದೆ. ಬಟ್ಟೆಗೆ ಹಾಕುವ ನುಸಿಗುಳಿಗೆಯನ್ನು ನಾಯಿಯ ಹಾಸಿಗೆಗೂ ಆಹಾರದ ಕಪಾಟಿಗೂ ಹಾಕುವವರಿದ್ದಾರೆ. ಅದರ ನ್ಯಾಫ್ತಲೀನ್ ನಾಯಿ-ಬೆಕ್ಕಿನ ರಕ್ತಕಣ ಒಡೆಯುತ್ತದೆ. ಒಂದು ಗುಳಿಗೆ ನುಂಗಿದರೂ ಅಪಾಯ. ಕರ್ಪೂರವೂ ಬೇಡ. ಇರುವೆ ಚಾಕಿನಲ್ಲಿ ಕೀಟನಾಶಕ ಇರುತ್ತದೆ, ಬೆಕ್ಕು ಅದರ ಮೇಲೆ ನಡೆದು ಕಾಲು ನೆಕ್ಕುತ್ತದೆ.

ಇರುವೆಗೆ ಹಳೆಯ ಉಪಾಯವೇ ಸರಿ. ಊಟದ ಬಟ್ಟಲನ್ನು ಅಗಲ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಇಡಿ. ಸ್ಟೂಲಿನ ಕಾಲಿಗೆ ನೀರಿನ ಬಟ್ಟಲು ಇಟ್ಟರೆ ವಾರದೊಳಗೆ ಒಮ್ಮೆ ಚೆಲ್ಲಿ ಉಜ್ಜಿ ತೊಳೆಯಿರಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನೀವೇ ತೊಟ್ಟಿಲು ಕಟ್ಟಿದಂತೆ.

ಇಲಿ ಪ್ಲಾಸ್ಟಿಕ್ ಕಡಿಯುತ್ತದೆ. ಇಲಿಯ ಕಾಟ ಜಾಸ್ತಿ ಇರುವ ಮನೆಯಲ್ಲಿ ಸ್ಟೀಲ್ ಡ್ರಮ್ಮೇ ಆಗಬೇಕು. ಇಲಿಯ ಹಿಂದೆ ಹಾವು ಬರುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದರ ಮೂತ್ರದಿಂದ ಇಲಿಜ್ವರ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಚೀಲದ ಮೇಲೆ ಇಲಿ ಓಡಾಡಿದ ಗುರುತಿದ್ದರೆ ಒಳಗಿನದು ಚೆನ್ನಾಗಿ ಕಂಡರೂ ಹಾಕಬೇಡಿ. ರಾತ್ರಿ ನಾಯಿ ಬಿಟ್ಟ ಊಟವನ್ನು ಬಟ್ಟಲಿನಲ್ಲೇ ಬಿಡಬೇಡಿ.

ವಿಷದ ಬಿಲ್ಲೆ ಬೇಡ, ಬೋನು ಇಡಿ. ಅಂಗಡಿಯಲ್ಲಿ ಸಿಗುವ ಬಿಲ್ಲೆಗಳಲ್ಲಿ ಬ್ರೊಮಾಡಿಯೊಲೋನ್ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ಅದು. ಬಿಲ್ಲೆ ತಿಂದ ನಾಯಿಗೂ ತೊಂದರೆ, ವಿಷ ತಿಂದ ಇಲಿಯನ್ನು ಹಿಡಿದು ತಿಂದ ಬೆಕ್ಕಿಗೂ ತೊಂದರೆ. ಲಕ್ಷಣ ಕಾಣುವುದು ಎರಡು ಮೂರು ದಿನ ಕಳೆದ ಮೇಲೆ, ಅಷ್ಟು ಹೊತ್ತಿಗೆ ಒಳಗೆ ರಕ್ತ ಸೋರುತ್ತಿರುತ್ತದೆ. ತಿಂದಿರುವ ಅನುಮಾನ ಬಂದರೆ ಕಾಯಬೇಡಿ, ಬಿಲ್ಲೆಯ ಕವರು ಹಿಡಿದು ಅವತ್ತೇ ಡಾಕ್ಟರ ಹತ್ತಿರ ಹೋಗಿ. ವಿಟಮಿನ್ ಕೆ1 ಕೊಟ್ಟು ಉಳಿಸಿಕೊಳ್ಳಲು ಆಗುತ್ತದೆ.

10. ನೀರು ಬಂದರೆ ಎತ್ತಿಕೊಂಡು ಹೋಗುವ ಚೀಲ

ಗಂಗಾವಳಿ, ಅಘನಾಶಿನಿ, ಶರಾವತಿ, ಕಾಳಿ ನದಿಗಳ ದಂಡೆಯ ಹತ್ತಿರ ಅಥವಾ ಗುಡ್ಡದ ಬುಡದಲ್ಲಿ ಮನೆ ಇರುವವರಿಗೆ ಈ ಹಂತ. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ಗಂಗಾವಳಿ ಉಕ್ಕಿ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಅಂಥ ಹೊತ್ತಿನಲ್ಲಿ ಸಾಮಾನು ಹುಡುಕಲು ಆಗುವುದಿಲ್ಲ.

ಜಿಪ್ ಇರುವ ಒಂದು ಚೀಲ ಸಾಕು. ಒಳಗೆ ಮೂರರಿಂದ ಐದು ದಿನದ ಆಹಾರ, ಒಂದೊಂದು ದಿನದ್ದು ಒಂದೊಂದು ಪೊಟ್ಟಣ. ಸ್ಟೀಲ್ ಬಟ್ಟಲು, ನೀರಿನ ಬಾಟಲಿ, ಬೆಲ್ಟು-ಚೈನು ಒಂದು ಜೊತೆ, ದಿನಾ ಕೊಡುವ ಔಷಧಿ ಇದ್ದರೆ ಒಂದು ವಾರದ್ದು, ಲಸಿಕೆ ಕಾರ್ಡಿನ ಪ್ರತಿ, ನಿಮ್ಮ ಪಶುವೈದ್ಯರ ಫೋನ್ ನಂಬರ್ ಕಾಗದದಲ್ಲಿ ಬರೆದದ್ದು. ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಅನ್ನೂ ಅದರಲ್ಲೇ ಬರೆದಿಡಿ. ಬೆಕ್ಕಿಗೆ ಮುಚ್ಚಳದ ಬುಟ್ಟಿ ಬೇಕೇ ಬೇಕು. ಹೆದರಿದ ಬೆಕ್ಕನ್ನು ಕೈಯಲ್ಲಿ ಹಿಡಿದು ದೋಣಿ ಹತ್ತಲು ಸಾಧ್ಯವಿಲ್ಲ. ಬುಟ್ಟಿಯನ್ನು ಅಟ್ಟದ ಮೇಲೆ ಇಡುವ ಬದಲು ಈಗಿನಿಂದಲೇ ಬಾಗಿಲು ತೆರೆದು ಮೂಲೆಯಲ್ಲಿ ಇಟ್ಟುಬಿಡಿ, ಬೆಕ್ಕು ಅದರಲ್ಲೇ ಮಲಗುವುದನ್ನು ಕಲಿಯುತ್ತದೆ.

ಕಟ್ಟಿದ ನಾಯಿಯ ಚೈನಿಗೆ ಬೀಗ ಹಾಕುವ ಅಭ್ಯಾಸವಿದ್ದರೆ ಮಳೆಗಾಲದ ಮಟ್ಟಿಗೆ ಬಿಡಿ. ನೀರು ಏರುವಾಗ ನೀವು ಮನೆಯಲ್ಲಿ ಇಲ್ಲದಿದ್ದರೆ ಪಕ್ಕದವರಿಗೆ ಬಿಚ್ಚಲು ಬರಬೇಕು. ಚೀಲ ಎಲ್ಲಿದೆಯೆಂದು ಅವರಿಗೂ ತೋರಿಸಿಡಿ. ಒಳಗಿನ ಆಹಾರದ ಪೊಟ್ಟಣಗಳನ್ನು ಪ್ರತಿ ತಿಂಗಳ ಮೊದಲ ಭಾನುವಾರ ತೆಗೆದು ನಾಯಿ-ಬೆಕ್ಕಿಗೆ ತಿನ್ನಿಸಿಬಿಡಿ, ಹೊಸದು ತುಂಬಿಸಿ. ಚೌತಿ ಹಬ್ಬ ಕಳೆದು ಬಿಸಿಲು ಬಿದ್ದ ಮೇಲೆ ಡ್ರಮ್ಮು, ಮಣೆ, ಮುಚ್ಚಳದ ರಬ್ಬರ್ ಎಲ್ಲವನ್ನೂ ಇನ್ನೊಮ್ಮೆ ತೊಳೆದು ಒಣಗಿಸಿ.